ಯಾರೂ ಮುಟ್ಟದ ಕಲ್ಲು

ಕಾಗದ ಒಣಗುತ್ತ ಬಂದಂತೆ ಅದರ ಮೇಲೆ ನೇರಳೆ ಚುಕ್ಕೆಗಳು ಒಂದರ ಹಿಂದೊಂದು ಎದ್ದವು. ಕೋನಪ್ಪ ಸ್ಟೂಲು ಒದ್ದು ಎದ್ದು ನಿಂತ. ಚಿಂತಾಮಣಿಯ ಹೊಸ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವನು ಡೆಮಾನ್‌ಸ್ಟ್ರೇಟರ್. ಎಂದರೆ, ಹುಡುಗರು ಒಡೆದ ಗಾಜು ಗುಡಿಸುವವನಿಗಿಂತ ಒಂದು ಮೆಟ್ಟಿಲು ಮೇಲೆ, ಪಾಠ ಹೇಳುವವರಿಗಿಂತ ನಾಲ್ಕು ಮೆಟ್ಟಿಲು ಕೆಳಗೆ. ಆ ಮಧ್ಯಾಹ್ನ ಮಾತ್ರ ತಲೆ ಚಾವಣಿಗೇ ತಾಗಿದಂತಾಯಿತು.

ಆ ಚುಕ್ಕೆಗಳು ಅಮೈನೋ ಆಮ್ಲಗಳು. ಮಾಂಸ, ಕೂದಲು, ಉಗುರು, ಹಾಲು, ಕಾಳು, ಎಲ್ಲ ಜೀವಿಗಳ ಮೈ ಕಟ್ಟಿರುವುದು ಅವುಗಳಿಂದ. ರಸದ ತೊಟ್ಟು ಹಾಕಿದ ಕಾಗದದಲ್ಲಿ ದ್ರಾವಣ ಓಡಿಸಿದರೆ ಒಂದೊಂದು ಆಮ್ಲ ತನ್ನದೇ ಜಾಗಕ್ಕೆ ಹರಿದು ನಿಲ್ಲುತ್ತದೆ, ಬಣ್ಣದ ಔಷಧಿ ಚಿಮುಕಿಸಿ ಕಾಯಿಸಿದರೆ ಚುಕ್ಕೆಯಾಗಿ ಏಳುತ್ತದೆ. ಆದರೆ ಕೋನಪ್ಪ ಕಾಗದಕ್ಕೆ ಹಾಕಿದ್ದು ಮಾಂಸದ ರಸವೂ ಅಲ್ಲ, ಕಾಳಿನ ಕಟ್ಟೂ ಅಲ್ಲ. ಆಕಾಶದಿಂದ ಬಿದ್ದ ಕಲ್ಲೊಂದನ್ನು ಪುಡಿಮಾಡಿ ಕುದಿಸಿ ಇಳಿಸಿದ ಕಷಾಯ.

ಅವನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲ್ಲಿನ ರೀಡಿಂಗ್ ರೂಮಿನಲ್ಲಿ ಉಳಿದವರು ಸಿನಿಮಾ ಪತ್ರಿಕೆಗೆ ಕಿತ್ತಾಡುತ್ತಿದ್ದರು. ಯಾರಿಗೂ ಬೇಡವಾದ ವಿಜ್ಞಾನದ ಪತ್ರಿಕೆಗಳು ಇವನ ಪಾಲಿಗೆ ಉಳಿಯುತ್ತಿದ್ದವು. ಅಮೆರಿಕದಲ್ಲಿ ಯಾರೋ ಗಾಜಿನ ಬುರುಡೆಯೊಳಗೆ ಬರೀ ಅನಿಲ, ನೀರಾವಿ ತುಂಬಿ ವಿದ್ಯುತ್ತಿನ ಕಿಡಿ ಹಾರಿಸಿದ್ದರು. ಕೆಲವು ದಿನಕ್ಕೆ ತಳದಲ್ಲಿ ಅಮೈನೋ ಆಮ್ಲ ಸಿಕ್ಕಿತ್ತು. ಜೀವವಿಲ್ಲದ್ದರಿಂದ ಜೀವದ ಸಾಮಗ್ರಿ! ಅದನ್ನು ಓದಿದ ದಿನ ಕೋನಪ್ಪ ಊಟದ ಗಂಟೆ ಹೊಡೆದದ್ದನ್ನೇ ಕೇಳಿಸಿಕೊಂಡಿರಲಿಲ್ಲ. ಬುರುಡೆಯೊಳಗೆ ಆದದ್ದು ಆಕಾಶದಲ್ಲಿ ಏಕೆ ಆಗಿರಬಾರದು? ಅಲ್ಲೂ ಅವೇ ಅನಿಲಗಳಿವೆ, ಬಿಸಿಲಿದೆ, ಕಾಲವಂತೂ ಬೇಕಾದಷ್ಟಿದೆ. ಭೂಮಿ ಬರಡಾಗಿದ್ದಾಗ ಜೀವದ ಸಾಮಗ್ರಿ ಕಲ್ಲುಗಳೊಳಗೆ ಕೂತು ಮೇಲಿಂದಲೇ ಬಂದಿರಬಹುದಲ್ಲ? ಹೊರದೇಶದಲ್ಲಿ ಒಂದಿಬ್ಬರು ಅಂಥ ಕಲ್ಲಿನಲ್ಲಿ ಏನೋ ಸಿಕ್ಕಿತೆಂದಿದ್ದರು. ಅದು ಕಲ್ಲಿನದಲ್ಲ, ಕಲ್ಲು ಹಿಡಿದವರ ಕೈಕೊಳೆ ಎಂದು ಉಳಿದವರು ಮೇಲೆ ಬಿದ್ದಿದ್ದರು. ಜಗಳ ಇನ್ನೂ ತೀರಿರಲಿಲ್ಲ.

ಹೀಗಿರುವಾಗ ಅರವತ್ತಾರನೇ ಇಸವಿಯಲ್ಲಿ, ಶಿವರಾತ್ರಿ ಕಳೆದ ಮೇಲೆ, ಹಾಡುಹಗಲಿನಲ್ಲಿ ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಯವರೆಗೆ ಆಕಾಶ ಗುಡುಗಿತು. ಜನ ಮೋಡ ಹುಡುಕಿದರು. ಮೋಡ ಇರಲಿಲ್ಲ. ದಿಬ್ಬೂರಹಳ್ಳಿಯ ಆಚೆ ಬಂಡಪಲ್ಲಿಯಲ್ಲಿ ಊರ ಗೌಡ ಮುನಿವೆಂಕಟಪ್ಪನವರ ಹಿಪ್ಪುನೇರಳೆ ತೋಟಕ್ಕೆ ಕುಂಬಳಕಾಯಿ ಗಾತ್ರದ ಕರೀ ಕಲ್ಲು ಬಂದು ಬಿತ್ತು. ಸಂಜೆಯೊಳಗೆ ಅದು ಅರಳಿಕಟ್ಟೆ ಏರಿತು. ಹಾಲಿನಲ್ಲಿ ಮಿಂದಿತು, ಅರಿಶಿನ ಬಳಿಸಿಕೊಂಡಿತು, ದೇವರಾಯಿತು.

ಕೋನಪ್ಪ ಸುದ್ದಿ ಕೇಳಿ ಬಸ್ಸು ಹತ್ತಿ ಹೋದ. ಕಟ್ಟೆಯ ಮೇಲೆ ಕೂತಿದ್ದ ಮುನಿವೆಂಕಟಪ್ಪನವರು ಊರು, ಹೆಸರು, ತಂದೆಯ ಹೆಸರು ಎಲ್ಲ ಕೇಳಿಕೊಂಡರು.

"ಮಂಚೇನಹಳ್ಳಿ ವೆಂಕಟರವಣಪ್ಪನ ಮಗನಾ? ಓದಿ ಕಾಲೇಜ್ ಸೇರ್ಕೊಂಡಿದ್ದೀಯಾ? ಬೋ ಸಂತೋಷ ಕಣಪ್ಪ. ಅಲ್ಲೇ ನಿಂತ್ಕೊ."

ಅವರು ಕೆಟ್ಟವರಲ್ಲ. ಸರ್ಕಾರದ ಕಾಲೇಜಿನವನು ಬರಿಗೈಲಿ ಹೋಗಬಾರದೆಂದು ಕಲ್ಲಿನ ಮೂಲೆಯನ್ನು ಕುಡುಗೋಲಿನ ಬೆನ್ನಿಂದ ಕುಟ್ಟಿ ಒಂದು ಚೂರು ಎಬ್ಬಿಸಿದರು. ದೇವರ ತುಂಡು ಮಡಿಯಲ್ಲಿ ಹೋಗಲೆಂದು ಹಳೆಯ ರೇಷ್ಮೆ ವಸ್ತ್ರದ ತುಂಡಿನಲ್ಲಿ ಸುತ್ತಿದರು. ಕೋನಪ್ಪನ ಅಂಗೈಗೆ ತಮ್ಮ ಬೆರಳು ತಾಗದಂತೆ ಮೇಲಿನಿಂದ ಬಿಟ್ಟರು. ಆ ಬಿಡುವ ಅಂತರ ಅವನು ಹುಟ್ಟಿದಾಗಿನಿಂದ ಬಲ್ಲ ಅಂತರ. ಕಲ್ಲು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಈಗ ಚುಕ್ಕೆಗಳು ಎದ್ದಿದ್ದವು. ಕೋನಪ್ಪ ಪೋಸ್ಟಾಫೀಸಿಗೆ ಓಡಿ ಬೆಂಗಳೂರಿನ ಪ್ರೊಫೆಸರರೊಬ್ಬರಿಗೆ ತಂತಿ ಕೊಟ್ಟ. ಕಲ್ಲಿನಲ್ಲಿ ಅಮೈನೋ ಆಮ್ಲ ಸಿಕ್ಕಿದೆ, ಬಂದು ನೋಡಿ. ಪ್ರೊಫೆಸರರು ತಿಂಗಳ ಕೊನೆಗೆ ಬರುತ್ತೇನೆಂದು ಮರುತಂತಿ ಕಳಿಸಿದರು.

ಮಾರನೆಯ ದಿನ ವಿಭಾಗದ ಮುಖ್ಯಸ್ಥೆ ಶ್ಯಾಮಲಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಶಿಡ್ಲಘಟ್ಟದವರು, ರೇಷ್ಮೆ ನೂಲು ಬಿಚ್ಚುವ ಮನೆತನದವರು. ಹೊಗಳುವುದು ಅವರ ಜಾಯಮಾನವಲ್ಲ.

"ರೀ ಕೋನಪ್ಪ, ಈ ಮೂಲೇಲಿ ಇರೋರು ಯಾರು?"

ಕಾಗದದ ಮೂಲೆಯಲ್ಲಿ ಗೆರೆಗೆರೆಯಾಗಿ, ನೇರಳೆ ಬಣ್ಣದಲ್ಲಿ, ಒಂದು ಹೆಬ್ಬೆರಳು.

"ನಾನೇ ಮೇಡಂ."

"ನಿಮ್ಮ ಬೆವರಲ್ಲಿರೋ ಆಮ್ಲ ಬಣ್ಣಕ್ಕೆ ಬಂದೈತೆ. ಬೆರಳು ಕಾಗದಕ್ಕೆ ಮಾತ್ರ ತಾಗಿತ್ತಾ, ಕಲ್ಲಿಗೂ ತಾಗಿತ್ತಾ?"

ಕೋನಪ್ಪ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ.

"ಹೋಗ್ಲಿ. ಕಲ್ಲನ್ನ ಯಾವುದ್ರಲ್ಲಿ ತಂದ್ರಿ?"

"ಬಟ್ಟೇಲಿ."

"ಯಾವ ಬಟ್ಟೆ?"

"ರೇಷ್ಮೆ. ಮಡಿ ಅಂತ ಅವ್ರೇ ಸುತ್ತಿ ಕೊಟ್ರು."

ಶ್ಯಾಮಲಮ್ಮ ಹಣೆ ಚಚ್ಚಿಕೊಂಡು ನಕ್ಕರು. "ಅಯ್ಯೋ ನಿಮ್ಮ ಮಡಿ ಮನೆ ಹಾಳಾಗ! ರೇಷ್ಮೆ ಅಂದ್ರೆ ಹುಳದ ಎಂಜಲು ಕಣ್ರಿ. ಅದ್ರಲ್ಲಿ ಅಮೈನೋ ಆಮ್ಲ ಬಿಟ್ಟು ಬೇರೆ ಏನೈತೆ? ಆ ಬಟ್ಟೇನ ಕುದ್ಸಿ, ಇನ್ನೊಂದು ಕಾಗದ ಓಡ್ಸಿ. ನಿಮ್ಮ ಬೆರಳಿಗೊಂದು. ಪಕ್ಕದಲ್ಲಿ ನನ್ನ ಬೆರಳಿಗೂ ಒಂದು ಇರ್ಲಿ."

ಹಾಗೇ ಮಾಡಿದರು. ರೇಷ್ಮೆಯ ಕಾಗದ ಒಣಗಿದಾಗ ಅದರ ಗಾಢ ಚುಕ್ಕೆಗಳು ಕಲ್ಲಿನ ಕಾಗದದಲ್ಲಿ ಎದ್ದ ಜಾಗದಲ್ಲೇ ಎದ್ದವು. ಬೆರಳಿನ ಕಾಗದಗಳಲ್ಲಿ ಸೆರಿನ್ ಎಂಬ ಆಮ್ಲ ಎದ್ದು ಕಾಣುತ್ತಿತ್ತು, ರೇಷ್ಮೆಯಲ್ಲೂ ಅದಿತ್ತು. ಅದೂ ಕಲ್ಲಿನ ಕಾಗದದಲ್ಲಿತ್ತು. ಇನ್ನುಳಿದ ಮಸುಕು ಚುಕ್ಕೆಗಳು ಕಲ್ಲು ಮಿಂದ ಹಾಲಿನವು. ಇವನ ಬೆರಳಿಗೂ ಶ್ಯಾಮಲಮ್ಮನ ಬೆರಳಿಗೂ ಕಾಗದದಲ್ಲಿ ಏನೇನೂ ವ್ಯತ್ಯಾಸವಿರಲಿಲ್ಲ. ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆಕಾಶದ್ದೆಂದು ತಂತಿ ಕೊಟ್ಟದ್ದೆಲ್ಲ ರೇಷ್ಮೆಹುಳ, ಎಮ್ಮೆಹಾಲು ಮತ್ತು ತನ್ನ ಬೆವರು.

"ಪ್ರೊಫೆಸರ್‌ಗೆ ಬರಬ್ಯಾಡಿ ಅಂತ ತಂತಿ ಕೊಡ್ಲಾ ಮೇಡಂ?"

"ಕೊಟ್ರೆ, ಇನ್ನು ನೀವೇನು ಬರೆದ್ರೂ ಅವ್ರು ಲಕೋಟೆ ಒಡೆಯೋದೂ ಇಲ್ಲ. ಕಲ್ಲಲ್ಲಿ ಇಲ್ಲ ಅಂತ ಎಲ್ಲಿ ತೋರ್ಸಿದ್ದೀರಿ? ಇದೆಯೋ ಇಲ್ವೋ ಗೊತ್ತಿಲ್ಲ, ಅಷ್ಟೆ. ಕೊಳೆ ತಾಗದ ಚೂರು ತನ್ನಿ. ತಿಂಗಳ ಕೊನೇವರ್ಗೂ ಟೈಮ್ ಐತೆ."

ಕೋನಪ್ಪ ಮತ್ತೆ ಬಂಡಪಲ್ಲಿಗೆ ಹೋದ. ಈ ಸಲ ಚೀಲದಲ್ಲಿ ಬೆಂಕಿಯಲ್ಲಿ ಕಾಯಿಸಿ ತೆಗೆದ ಉದ್ದನೆಯ ಚಿಮಟ, ಆಸಿಡ್ಡಿನಲ್ಲಿ ತೊಳೆದ ಗಾಜಿನ ಜಾಡಿ. ಕಲ್ಲಿನ ಹೊರಗೆ ಏನು ಬಳಿದಿದ್ದರೂ ನಡುಮಧ್ಯದ ತಿರುಳು ಚೊಕ್ಕಟವಿದ್ದೀತೆಂದು ಅವನ ಆಸೆ.

ಕಟ್ಟೆಗೆ ಈಗ ಚಪ್ಪರ ಬಂದಿತ್ತು. ಕಲ್ಲು ಮಿರಮಿರ ಹೊಳೆಯುತ್ತಿತ್ತು.

"ದಿನಾ ಹಾಲು, ತುಪ್ಪ, ಹರಳೆಣ್ಣೆ," ಎಂದರು ಮುನಿವೆಂಕಟಪ್ಪ, ಹೆಮ್ಮೆಯಿಂದ. "ಎಷ್ಟು ಹೊಯ್ದ್ರೂ ಕುಡೀತದೆ ಕಣಯ್ಯ ಸ್ವಾಮಿ! ಒಂದು ತೊಟ್ಟು ಕೆಳಗೆ ಬಿಡಲ್ಲ."

ಕೋನಪ್ಪ ಬಗ್ಗಿ ನೋಡಿದ. ರಂಧ್ರ ರಂಧ್ರದ ಕಲ್ಲು. ತಿರುಳಿನವರೆಗೂ ತುಪ್ಪ ಇಳಿದಿದೆ. ಆದರೂ ಕೇಳಿದ. "ಯಜಮಾನ್ರೆ, ಒಡೆದು ಮಧ್ಯದ ಒಂದು ಚೂರು—"

"ಏಮಯ್ಯಾ, ತಲೆ ನೆಟ್ಟಗೈತಾ? ಪ್ರತಿಷ್ಠೆ ಆಗೈತೆ. ದೇವ್ರನ್ನ ಒಡೀತಾರಾ?"

ಮಾತು ಮುಗಿಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಊರಿನಲ್ಲಿ ನೀರು ಕೇಳುವ ಹಾಗಿಲ್ಲ. ಕೇಳಿದರೆ ಮೇಲಿಂದ ಹೊಯ್ಯುತ್ತಾರೆ, ಬೊಗಸೆಯೊಡ್ಡಿ ಕುಡಿಯಬೇಕು. ಅವನು ಊರಂಚಿನ ಹುಣಿಸೆಮರ ದಾಟಿ ತನ್ನವರ ಕೇರಿಯ ಕಡೆ ನಡೆದ. ಮೊದಲ ಮನೆಯ ಮುಂದೆ ಮಂಗಮ್ಮ ಎಂಬ ಹೆಂಗಸು ಹುರುಳಿ ಕೇರುತ್ತಿದ್ದಳು. ನಡುವಯಸ್ಸು, ಗಟ್ಟಿ ಗಂಟಲು. ಅವನ ಮನೆತನ ಕೇಳಿ ನಮ್ಮವನೇ ಎಂದು ಖಾತ್ರಿಯಾದ ಮೇಲೆ ಚೊಂಬು ಕೈಗೇ ಕೊಟ್ಟಳು.

"ಕಲ್ಲು ನೋಡಕ್ಕೆ ಬಂದಿದ್ದಾ ನಾಯನಾ? ಇಷ್ಟು ದೂರ ಬಂದು ಆ ಜಿಡ್ಡು ಗುಂಡನ್ನ ನೋಡ್ದೆಯಾ? ಅದ್ರ ಮರಿ ನಮ್ಮ ಹಿತ್ತಲಲ್ಲೇ ಬಿದ್ದೈತಲ್ಲ."

ಕೋನಪ್ಪ ಚೊಂಬು ಕೆಳಗಿಟ್ಟ.

"ಎಲ್ಲಿ?"

ಹಿತ್ತಲಿನಲ್ಲಿ ಕಾಳು ಒಣಗಿಸುವ ಹಾಸುಬಂಡೆ. ಅದರ ಮೇಲೆ ಕವುಚಿಟ್ಟ ಹೊಸ ಮಡಿಕೆ. ಮಡಿಕೆಯ ತಲೆಯ ಮೇಲೆ ಹೇರಿದ ಗುಂಡುಕಲ್ಲು.

"ಅದ್ರೊಳಗೆ ಐತೆ. ಬಿದ್ದಾಗ ಕೋಳಿಗಳೆಲ್ಲ ದಿಕ್ಕಾಪಾಲು. ನಾಯಿ ಮೂಸಬಾರ್ದು ಅಂತ ಮಡಿಕೆ ಕವುಚ್ದೆ."

"ಯಾರು ಮುಟ್ಟಿದ್ರಮ್ಮ ಅದನ್ನ?"

"ಯಾರು ಮುಟ್ಟಕ್ಕಾಯ್ತದೆ? ಅವತ್ತೇ ಊರೋರು ಹೇಳಿ ಕಳ್ಸಿದ್ರು. ದೇವರ ಅಂಗ ನಿಮ್ಮಲ್ಲಿ ಬಿದ್ದೈತೆ, ಮುಟ್ಟಿ ಮೈಲಿಗೆ ಮಾಡಿದ್ರೆ ಮಳೆ ಹೋಯ್ತದೆ, ಸುಮ್ನೆ ಬಿಡಲ್ಲ ಅಂತ. ಹಂಗಾರೆ ತಗೊಂಡೋಗಿ ಅಂದೆ. ಅವ್ರು ಕೇರಿಯೊಳಕ್ಕೆ ಕಾಲಿಕ್ಕಲ್ಲ. ಕೇರೀಲಿ ಬಿದ್ದಿದ್ದನ್ನ ಮುಟ್ಟೋ ಹಂಗೂ ಇಲ್ಲ. ಐನೋರು ಬಂದು ಶುದ್ಧಿ ಮಾಡ್ತಾರೆ ಅಂದ್ರು. ಐನೋರೂ ಬರ್ಲಿಲ್ಲ. ನಾವು ಮುಟ್ಟಂಗಿಲ್ಲ, ಅವ್ರೂ ಮುಟ್ಟಂಗಿಲ್ಲ. ನನ್ನ ಬಂಡೆ ಅಡ್ಡಗಟ್ಕೊಂಡು ಕೂತೈತೆ. ಹುರುಳಿ ಎಲ್ಲಿ ಒಣಗಿಸ್ಲಿ ಹೇಳು?"

ಕೋನಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ನಗು ಬಂತು, ತಡೆಯಲಾಗಲಿಲ್ಲ. ದೊಡ್ಡ ದೊಡ್ಡ ದೇಶಗಳಲ್ಲಿ ಇಂಥ ಕಲ್ಲುಗಳನ್ನು ಎತ್ತಿದವರು, ತೊಳೆದವರು, ಕಪಾಟಿಗೆ ಸೇರಿಸಿದವರು ಎಲ್ಲರೂ ಬೆರಳು ಒತ್ತಿದ್ದರು. ಇಲ್ಲಿ, ಬಂಡಪಲ್ಲಿಯ ಕೇರಿಯಲ್ಲಿ, ಒಂದು ಕಲ್ಲು ಬಿದ್ದಲ್ಲೇ ಬಿದ್ದಿತ್ತು. ಮನುಷ್ಯನ ಕೈ ಅದಕ್ಕೆ ತಾಗಿರಲಿಲ್ಲ.

ಚಿಮಟ ತೆಗೆಯುವಷ್ಟರಲ್ಲಿ ಹುಣಿಸೆಮರದ ಕಡೆಯಿಂದ ಕೂಗು ಬಂತು. ಮುನಿವೆಂಕಟಪ್ಪನವರು ಬಂದಿದ್ದರು. ಅವರ ಹಿಂದೆ ಊರಿನ ನಾಲ್ಕಾರು ಜನ. ಮರದ ನೆರಳು ಮುಗಿಯುವಲ್ಲಿ ಎಲ್ಲರ ಕಾಲೂ ನಿಂತಿತ್ತು.

"ಲೇ ಕೋನಪ್ಪಾ! ಅದನ್ನ ಮುಟ್ಟಬ್ಯಾಡ ಕಣೋ!"

"ಮುಟ್ಟಲ್ಲ ಯಜಮಾನ್ರೆ! ನಾನೂ ಮುಟ್ಟಬಾರ್ದು, ನೀವೂ ಮುಟ್ಟಬಾರ್ದು, ನಿಮ್ಮ ಐನೋರೂ ಮುಟ್ಟಬಾರ್ದು. ನಮ್ಮ ಶಾಸ್ತ್ರ ನಿಮ್ಮದಕ್ಕಿಂತ ಬಿಗಿ!"

ಗುಂಡುಕಲ್ಲು ಇಳಿಸಿ ಮಡಿಕೆ ಎತ್ತಿದ. ಕಲ್ಲು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಇದ್ದಿಲಿನಂತೆ ಕಪ್ಪು. ಡಾಂಬರಿನ ಸಣ್ಣ ವಾಸನೆ. ಚಿಮಟದಿಂದ ಅದನ್ನು ಹಿಡಿದೆತ್ತಿದ.

"ಅದು ಊರ ಸ್ವತ್ತು ಕಣೋ! ಕೆಳಗಿಕ್ಕು!"

ಈಗ ಮಂಗಮ್ಮ ಮೊರ ಬಿಸಾಡಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಊರ ಸ್ವತ್ತಾ ಗೌಡ್ರೇ? ಹಂಗಾದ್ರೆ ಬನ್ನಿ, ಎತ್ಕೊಂಡೋಗಿ. ಯಾರು ಬ್ಯಾಡ ಅಂದ್ರು? ಇಗೋ ದಾರಿ, ಇಗೋ ಬಂಡೆ. ಬೇಕಾದ್ರೆ ಒಳಕ್ಕೂ ಬನ್ನಿ, ಮಜ್ಜಿಗೆ ಕೊಡ್ತೀನಿ."

ಮುನಿವೆಂಕಟಪ್ಪನವರು ದಾರಿಯನ್ನು ನೋಡಿದರು. ದಾರಿ ಅಗಲವಾಗಿತ್ತು, ಬೇಲಿಯೂ ಇರಲಿಲ್ಲ. ಹಿಂದಿನವರನ್ನು ನೋಡಿದರು. ಹಿಂದಿನವರು ನೆಲ ನೋಡುತ್ತಿದ್ದರು. ಯಾರ ಕಾಲೂ ನೆರಳು ದಾಟಲಿಲ್ಲ.

"ಬರಲ್ವಾ? ಬಿಡಿ. ನನ್ನ ಬಂಡೆ ಮೇಲೆ ಬಿದ್ದಿದ್ದು ನಂದು. ನಾನು ಕೊಡ್ತಾ ಇದ್ದೀನಿ. ತಗೊಂಡೋಗು ನಾಯನಾ."

ಕಲ್ಲು ಜಾಡಿಗೆ ಬಿತ್ತು. ಬಿರಡೆ ಕೂತಿತು. ಕೇರಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದವರು ಹೋ ಎಂದು ನಕ್ಕರು. ಬಸ್ಸಿನವರೆಗೆ ಮಂಗಮ್ಮನೇ ಜೊತೆಗೆ ಬಂದಳು. ಕೋನಪ್ಪ ಒಬ್ಬನೇ ಹುಣಿಸೆಮರ ದಾಟಿದರೆ ಏನಾದೀತೆಂದು ಇಬ್ಬರಿಗೂ ಗೊತ್ತಿತ್ತು. ಮುನಿವೆಂಕಟಪ್ಪನವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಕೇರಿಯಿಂದ ಬಂದ ಜಾಡಿ ಮೈಗೆ ತಾಗೀತೆಂದು.

"ಅದ್ರಲ್ಲಿ ಅಂಥಾದ್ದೇನೈತೆ?" ಮಂಗಮ್ಮ ಕೇಳಿದಳು.

"ಇದ್ರೆ, ಜೀವದ ಹಿಟ್ಟು ಐತಮ್ಮ. ಮುದ್ದೆ ಅಲ್ಲ, ಬರೀ ಹಿಟ್ಟು. ಮುದ್ದೆ ತೊಳ್ಸಿದ್ದು ಈ ಭೂಮಿ ಮೇಲೇನೆ. ಹಿಟ್ಟು ಮಾತ್ರ ಮೇಲಿಂದ ಬಂದಿರಬೋದು."

"ಹಂಗಾರೆ ಊರೋರಿಗೂ ನಮಗೂ ಹಿಟ್ಟು ಒಂದೇನಾ?"

"ಅದು ಗೊತ್ತಾಗಕ್ಕೆ ಆಕಾಶದಿಂದ ಕಲ್ಲು ಬೀಳಬೇಕಾಗಿರ್ಲಿಲ್ಲಮ್ಮ."

"ಅದೂ ಸರೀನೆ," ಎಂದಳು. ಬಸ್ಸು ಬಂತು.

ಆ ಮೇಲಿನ ದಿನಗಳಲ್ಲಿ ಲ್ಯಾಬಿನ ಕಿಟಕಿಗಳೆಲ್ಲ ಮುಚ್ಚಿದವು. ಧೂಳಿನಲ್ಲೂ ಜೀವಿಗಳ ಚೂರುಪಾರು ಇರುತ್ತದೆ. ಇಬ್ಬರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರು. ಎಂಜಲಿನ ಹನಿ ಬಿದ್ದೀತೆಂದು ಶ್ಯಾಮಲಮ್ಮ ಮಾತೇ ನಿಷೇಧಿಸಿದರು. ಮೊದಲು ಅದನ್ನು ಮುರಿದವರೂ ಅವರೇ. ಕೋನಪ್ಪ ಕಲ್ಲಿನ ಕರಿ ಸಿಪ್ಪೆಯನ್ನು ಉಳಿಯಿಂದ ಬಿಡಿಸಿ, ಒಳಗಿನ ತಿರುಳು ಮಾತ್ರ ಅರೆದ. ಅದೇ ಪಾತ್ರೆ, ಅದೇ ನೀರು, ಅದೇ ಆಸಿಡ್ಡನ್ನು ಕಲ್ಲಿಲ್ಲದೆಯೂ ಕುದಿಸಿ ಅದಕ್ಕೊಂದು ಕಾಗದ ಓಡಿಸಿದ. ಅದರಲ್ಲಿ ಏನೂ ಏಳಬಾರದು. ಎದ್ದರೆ ಕೊಳೆ ಇನ್ನೂ ಇದೆ ಎಂದರ್ಥ.

ಏನೂ ಏಳಲಿಲ್ಲ. ಕಲ್ಲಿನ ಕಾಗದದಲ್ಲಿ ಗ್ಲೈಸಿನ್ ಎಂಬ ಆಮ್ಲ ಎದ್ದಿತು. ಅಲನಿನ್ ಎದ್ದಿತು. ಸೆರಿನ್ ಇರಬೇಕಾದ ಜಾಗ ಬಿಳಿಯಾಗಿಯೇ ಉಳಿಯಿತು. ಎಂದರೆ ಬೆರಳಿಲ್ಲ, ರೇಷ್ಮೆಯಿಲ್ಲ.

ಬಟ್ಟೆಯ ಹಿಂದೆ ಶ್ಯಾಮಲಮ್ಮ ಏನೋ ಅಂದರು. ಬೈಗುಳವೋ ಹೊಗಳಿಕೆಯೋ ಕೋನಪ್ಪನಿಗೆ ತಿಳಿಯಲಿಲ್ಲ.

ಪ್ರೊಫೆಸರರು ಬಂದರು. ತೆಳ್ಳಗೆ, ಕಟ್ಟುನಿಟ್ಟು, ಮುಗುಳ್ನಗೆಗೂ ಲೆಕ್ಕ ಇಡುವ ಮನುಷ್ಯ. ಎಲ್ಲ ಕಾಗದಗಳನ್ನೂ ನೋಡಿ ತಲೆ ಅಲ್ಲಾಡಿಸಿದರು.

"ನಂಬೋದಿಲ್ಲ. ನನ್ನೆದುರಿಗೆ ಮತ್ತೆ ಮಾಡಿ. ಕಾಗದ ನಂದು, ಆಸಿಡ್ ನಂದು, ನೀರೂ ಬೆಂಗಳೂರಿಂದ ತಂದಿದ್ದೀನಿ."

ಕೋನಪ್ಪ ಕಲ್ಲಿನ ಉಳಿದ ಅರ್ಧದಿಂದ ಮತ್ತೆ ಮಾಡಿದ. ಪ್ರೊಫೆಸರರು ಪ್ರವಾಸಿ ಬಂಗಲೆಯಲ್ಲಿ ಬಿಡಾರ ಹೂಡಿ ದಿನವೂ ಬಂದು ಅವನ ಕೈಯನ್ನೇ ನೋಡುತ್ತ ಕೂತರು. ಕಾಗದವನ್ನು ಬ್ಯೂಟನಾಲ್ ದ್ರಾವಣದಲ್ಲಿ ಉದ್ದಕ್ಕೆ ಓಡಿಸಿ, ತಿರುಗಿಸಿ, ಫೀನಾಲಿನಲ್ಲಿ ಅಡ್ಡಕ್ಕೆ ಓಡಿಸಿದ್ದಾಯಿತು. ಕೊನೆಯ ದಿನ ಬಣ್ಣ ಬರಿಸುವ ದ್ರಾವಣ ಚಿಮುಕಿಸಿ, ಕಾಗದವನ್ನು ಹಾಟ್ ಪ್ಲೇಟಿನ ಮೇಲೆ ಚಿಮಟದಿಂದ ಹಿಡಿದ. ಗ್ಲೈಸಿನ್. ಅಲನಿನ್. ಸೆರಿನ್ ಇಲ್ಲ.

"ಹೂಂ," ಎಂದರು ಪ್ರೊಫೆಸರರು. "ಈ ಎರಡು ಎಲ್ಲಿಂದ್ಲಾದ್ರೂ ಬರಬಹುದು."

ಕೋನಪ್ಪ ಕಾಗದವನ್ನು ಇಳಿಸಲಿಲ್ಲ. ಮೊದಲ ಸಲ ಅವಸರಕ್ಕೆ ಬೇಗ ಇಳಿಸಿದ್ದ. ಈಗ ನೋಡುವವರಿದ್ದರು, ಇನ್ನಷ್ಟು ಕಾಯಿಸಿದ. ಅಲನಿನ್ನಿನ ಆಚೆ, ಇಷ್ಟು ಹೊತ್ತೂ ಖಾಲಿಯಿದ್ದ ಜಾಗದಲ್ಲಿ, ಮೊದಲು ಕಣ್ಣಿನ ಭ್ರಮೆಯ ಹಾಗೆ, ಆಮೇಲೆ ನಿಜವಾಗಿ, ಮತ್ತೊಂದು ನೇರಳೆ ಚುಕ್ಕೆ ಎದ್ದಿತು. ನಿಧಾನವಾಗಿ ಗಾಢವಾಯಿತು.

ಪ್ರೊಫೆಸರರು ಎದ್ದರು. ಅಳೆದರು. ಮತ್ತೆ ಅಳೆದರು. ತಮ್ಮ ಪಟ್ಟಿಯ ಜೊತೆ ಹೋಲಿಸಿದರು.

"ಇದು ವೇಲಿನ್ ಅಲ್ಲ. ಪ್ರೋಟೀನಿನಲ್ಲಿ ಬರೋ ಯಾವುದೂ ಅಲ್ಲ." ಅವರ ದನಿ ಬದಲಾಗಿತ್ತು. "ಹಾಲಲ್ಲಿ ಇಲ್ಲ, ಬೆವರಲ್ಲಿ ಇಲ್ಲ, ರೇಷ್ಮೇಲಿ ಇಲ್ಲ. ಜೀವಿಗಳು ಮೈ ಕಟ್ಟೋಕೆ ಬಳಸದೇ ಇರೋ ಆಮ್ಲ ಇದು. ಕೊಳೆಯಿಂದ ಬರೋಕೆ ಸಾಧ್ಯವೇ ಇಲ್ಲ."

"ಹಾಗಾದ್ರೆ ಎಲ್ಲಿಂದ ಬಂತು ಸಾರ್?" ಎಂದರು ಶ್ಯಾಮಲಮ್ಮ. ಉತ್ತರ ಗೊತ್ತಿದ್ದೂ ಪ್ರೊಫೆಸರರ ಬಾಯಿಂದಲೇ ಬರಲೆಂದು.

"ಮೇಲಿಂದ," ಎಂದರು ಪ್ರೊಫೆಸರರು. ಲೆಕ್ಕವಿಲ್ಲದೆ ನಕ್ಕರು. "ಮೇಲಿಂದಲೇ ಬಂತು ಕಣಮ್ಮ!"

ಭೂಮಿಯ ಮೇಲೆ ಒಂದು ಹುಲ್ಲೆಸಳೂ ಇಲ್ಲದ ಕಾಲಕ್ಕೇ ಜೀವದ ಸಾಮಗ್ರಿ ಆಕಾಶದಲ್ಲಿ ತಯಾರಾಗುತ್ತಿತ್ತು, ಬೀಳುತ್ತಿತ್ತು. ಅದನ್ನು ತೋರಿಸಿದ ಕಾಗದ ಕೋನಪ್ಪನ ಚಿಮಟದ ತುದಿಯಲ್ಲಿತ್ತು.

ಪ್ರೊಫೆಸರರು ಪೆನ್ನು ತೆಗೆದರು. "ಈಗಲೇ ಬರೆಯೋಣ. ಮೊದಲ ಹೆಸರು ನಿಮ್ಮದು, ಎರಡನೇದು ಅಮ್ಮಾವ್ರದ್ದು. ಆದ್ರೆ ನೋಡಿ, ಹೊರದೇಶದವರು ಮೊದಲು ಕೇಳೋದೇ ಇದು. ಹಳ್ಳೀಲಿ ಬಿದ್ದ ಕಲ್ಲು, ವಾರಗಟ್ಟಲೆ ಬಿದ್ದಿತ್ತು, ಒಬ್ಬರೂ ಮುಟ್ಟಲಿಲ್ಲ ಅಂದ್ರೆ ಯಾರು ನಂಬ್ತಾರೆ? ಯಾಕೆ ಮುಟ್ಟಲಿಲ್ಲ?"

"ಕೇರೀಲಿ ಬಿದ್ದಿತ್ತು ಸಾರ್."

ಪ್ರೊಫೆಸರರ ಪೆನ್ನು ನಿಂತಿತು. ಅವರು ಈ ನಾಡಿನವರೇ. ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ಏಕಾಂತ ಸ್ಥಳದಲ್ಲಿ ಸುರಕ್ಷಿತವಾಗಿತ್ತು ಅಂತ ಬರೆಯೋಣವಾ?"

"ಏಕಾಂತ ಎಲ್ಲಿ ಬಂತು ಸಾರ್? ಸುತ್ತ ಹದಿನೈದಿಪ್ಪತ್ತು ಮನೆ. ಏಕಾಂತ ಅಂದ್ರೆ ಅವ್ರು ನಂಬಲ್ಲ, ನಂಬಲೂಬಾರದು. ಇದ್ದದ್ದನ್ನೇ ಬರೀರಿ. ಕಲ್ಲು ಕೇರಿಯ ಮಂಗಮ್ಮನ ಬಂಡೆ ಮೇಲೆ ಬಿತ್ತು. ಮುಟ್ಟಬಾರ್ದು ಅಂತ ಕೇರಿಯೋರಿಗೆ ಊರೋರು ಹೇಳಿದ್ರು. ಕೇರಿಗೆ ಬರಬಾರ್ದು ಅಂತ ಊರೋರು ತಮಗೆ ತಾವೇ ಹೇಳ್ಕೊಂಡಿದ್ರು. ಅದಕ್ಕೇ ಉಳೀತು. ಪುರಾವೆ ಗಟ್ಟಿಯಾಗೋದೇ ಇದ್ರಿಂದ."

"ಓದೋರಿಗೆ ನಮ್ಮ ದೇಶದ ಬಗ್ಗೆ—"

"ಅವ್ರು ಹೇಳೋದು ಸರಿ ಸಾರ್," ಎಂದರು ಶ್ಯಾಮಲಮ್ಮ. "ಕಾರಣ ಬಿಟ್ರೆ ಫಲಿತಾಂಶ ಬಿದ್ದೋಗ್ತದೆ."

ಪ್ರೊಫೆಸರರು ಇಬ್ಬರನ್ನೂ ನೋಡಿದರು. ಬರೆದಿದ್ದ ಅರ್ಧ ಸಾಲು ಹೊಡೆದು ಹಾಕಿದರು. "ಹೇಳಿ ಕೋನಪ್ಪನವರೇ. ನಿಧಾನವಾಗಿ."

ಕೋನಪ್ಪ ಮುಖದ ಬಟ್ಟೆ ಬಿಚ್ಚಿ ಜೇಬಿಗೆ ತುರುಕಿದ. ಒಂದೊಂದೇ ಮಾತು ಗಟ್ಟಿಯಾಗಿ ಹೇಳಿದ. ಪ್ರೊಫೆಸರರು ಬರೆದುಕೊಂಡರು. ಮಂಗಮ್ಮನ ಹೆಸರು ಬಂದಾಗ ಅಕ್ಷರ ಅಕ್ಷರ ಬಿಡಿಸಿ ಹೇಳಿದ.

ಆಮೇಲೆ ಲ್ಯಾಬಿನ ಕಿಟಕಿಗಳನ್ನೆಲ್ಲ ಒಂದಾದ ಮೇಲೊಂದು ತೆರೆದ. ಬಿಸಿಗಾಳಿ, ಧೂಳು, ಚಿಂತಾಮಣಿ ಪೇಟೆಯ ಗದ್ದಲ ಎಲ್ಲ ಒಳಗೆ ನುಗ್ಗಿ ಬಂದವು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎದುರಿನ ಹೋಟೆಲಿಗೆ ಕೇಳುವಂತೆ, ಮೂರು ಸ್ಪೆಷಲ್ ಟೀ ಎಂದು ಗಂಟಲು ಹರಿದುಕೊಂಡು ಕೂಗಿದ.